ಮುಳ್ಳೆದ್ದ ಕೆಂಪು ಕಣ

ನಾನು ರಾಚಪ್ಪನವರ ರಕ್ತದ ಒಂದು ಕೆಂಪು ಕಣ. ಹುಟ್ಟಿದ್ದು ಅವರ ಮೂಳೆಯ ಮಜ್ಜೆಯಲ್ಲಿ. ಆಗ ನಾನೂ ಅಂದವಾಗಿಯೇ ಇದ್ದೆ: ದುಂಡಗೆ, ನಡುವೆ ಬೆರಳೊತ್ತಿದ ಪೇಡೆಯ ಹಾಗೆ. ರಾಚಪ್ಪನವರು ಮೈಸೂರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವವರು. ಅವರ ಉಸಿರನ್ನು ಹೊತ್ತು ಮೈಗೆಲ್ಲ ಹಂಚುವುದು ನನ್ನ ಕೆಲಸ. ಆ ಜಂಬ ನನಗೆ ಬಹಳ ದಿನ ಉಳಿಯಲಿಲ್ಲ.

ಅವರ ಲಿವರ್ ಹಳೇ ಕಾಮಾಲೆಯಿಂದ ಗಂಟುಗಂಟಾಗಿ ಗಟ್ಟಿಯಾಗಿತ್ತು. ಅದರ ಕೆಲಸ ಕೆಟ್ಟು, ಬೇಡದ ಜಿಡ್ಡೆಲ್ಲ ನನಗೆ ಮೆತ್ತಿಕೊಂಡಿತು. ಮೈ ಬಿರುಸಾಗಿ ಸುತ್ತ ಮುಳ್ಳೆದ್ದವು. ಸಣ್ಣ ನಾಳಗಳಲ್ಲಿ ನುಸುಳುವುದೇ ಕಷ್ಟವಾಯಿತು. ನನ್ನಂಥವರನ್ನು ಹೊಟ್ಟೆಯ ಎಡಗಡೆಯ ಗುಲ್ಮ, ಅಂದರೆ ಸ್ಪ್ಲೀನ್, ಹಿಡಿದು ಒಡೆಯುತ್ತದೆ. ಅದು ನಮ್ಮ ಗುಜರಿ ಅಂಗಡಿ. ನಾವು ಕಡಿಮೆಯಾದಂತೆ ರಾಚಪ್ಪನವರಿಗೆ ಒಂದು ಹಾಡು ಮುಗಿಸುವಷ್ಟೂ ಉಸಿರು ಸಾಲದಾಯಿತು.

"ರಕ್ತ ಕಮ್ಮಿ ಆಗ್ಯದೆ, ಅಷ್ಟೇಯ," ಎಂದು ತಾವೇ ತೀರ್ಮಾನಿಸಿ ಮೆಡಿಕಲ್ ಶಾಪಿನಿಂದ ಕಬ್ಬಿಣದ ಮಾತ್ರೆ ತಂದರು. ಮಲ ಕಪ್ಪಾಯಿತು. ಆ ಮಾತ್ರೆಗೆ ಹಾಗಾಗುವುದು ಸಹಜ ಎಂದು ಅಂಗಡಿಯವನೂ ಹೇಳಿದ್ದ. ಮಾತ್ರೆ ಮುಗಿಯಿತು; ಕಪ್ಪು ನಿಲ್ಲಲಿಲ್ಲ. ಗಟ್ಟಿಯಾದ ಲಿವರಿನೊಳಗೆ ರಕ್ತ ಸರಾಗವಾಗಿ ಹರಿಯದೆ, ಅನ್ನನಾಳದಲ್ಲಿ ಉಬ್ಬಿದ್ದ ರಕ್ತನಾಳವೊಂದು ಬಿರಿದಿತ್ತು. ನನ್ನ ಒಡಹುಟ್ಟಿದವರು ಅಲ್ಲಿಂದ ಹೊಟ್ಟೆಗೆ ಜಾರಿ, ಡಾಂಬರಿನಂತೆ ಕಪ್ಪಾಗಿ ಹೊರಗೆ ಹೋಗುತ್ತಿದ್ದರು. ರಾಚಪ್ಪನವರು ಮಾತ್ರೆಯದೇ ಅಂದುಕೊಂಡು ನೀರು ಹುಯ್ದು ಬರುತ್ತಿದ್ದರು. ನನಗೆ ತಡೆಯಲಾರದ ಸಂಕಟ, ಕೂಗೋಣವೆಂದರೆ ಬಾಯಿಲ್ಲ.

ಒಂದು ಬೆಳಿಗ್ಗೆ ಕಣ್ಣು ಕತ್ತಲೆ ಬಂದು ಕಕ್ಕಸಿನಲ್ಲೇ ಕುಸಿದರು. ಹೆಂಡತಿ ಚಿಕ್ಕತಾಯಮ್ಮ ಓಡಿಬಂದರು. ಇನ್ನೂ ನೀರು ಹುಯ್ಯದಿದ್ದ ಕಪ್ಪು ಅವರ ಕಣ್ಣಿಗೆ ಬಿತ್ತು. ಆಗ ನಾನು ಕಿವಿಯ ಹತ್ತಿರ ಹಾದುಹೋಗುತ್ತಿದ್ದೆ.

"ಯಾಕ್ರೀ ಹಿಂಗೆ ಕರ್ರಗದೆ?"

"ಮಾತ್ರೆದು ಕಣಮ್ಮಿ..."

"ಮಾತ್ರೆ ಮುಗ್ದು ವಾರ ಆಯ್ತಲ್ರೀ! ಯಾಕ್ ಹೇಳ್ನಿಲ್ಲ ನಂಗೆ?"

"ಅದ್ನೆಲ್ಲ ಹೆಂಗುಸ್ರ ತಾವ ಹೇಳಕಾದದಾ?"

ಚಿಕ್ಕತಾಯಮ್ಮ ಅಳುತ್ತಲೇ ಆಟೋ ಕರೆದರು. ಆಸ್ಪತ್ರೆಯಲ್ಲಿ ಬಾಯಿಂದ ಕೊಳವೆ ಇಳಿಸಿ, ಬಿರಿದ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದರು. ಯಾರೋ ದಾನ ಕೊಟ್ಟ ರಕ್ತದ ನುಣುಪು ಕಣಗಳು ನಮ್ಮ ನಡುವೆ ಬಂದವು. ಮೊದಲು ಹೊಟ್ಟೆಕಿಚ್ಚುಪಟ್ಟೆ, ಆಮೇಲೆ ಮರುಕಪಟ್ಟೆ. ಲಿವರ್ ಅದೇ ತಾನೆ, ಅವಕ್ಕೂ ಮುಳ್ಳು ತಪ್ಪಿದ್ದಲ್ಲ.

ಈಗ ಗುಲ್ಮದ ಮೂಲೆಯೊಂದರಲ್ಲಿ ಸಿಕ್ಕಿಬಿದ್ದಿದ್ದೇನೆ. ಇನ್ನೇನು ಅದು ನನ್ನನ್ನೂ ಒಡೆಯುತ್ತದೆ. ನನ್ನೊಳಗಿನ ಚೂರು ಕಬ್ಬಿಣ ಮುಂದೆ ಹುಟ್ಟುವ ಯಾರಿಗೋ ಸೇರುತ್ತದೆ. ಭಯವಿಲ್ಲ ಎಂದರೆ ಸುಳ್ಳಾದೀತು. ಆದರೆ ಹೊಸಬನೊಬ್ಬ ಕಿವಿಯ ಕಡೆಯಿಂದ ಸುದ್ದಿ ತಂದಿದ್ದಾನೆ. ಚಿಕ್ಕತಾಯಮ್ಮ ದಿನಾ ಬೆಳಿಗ್ಗೆ ಕಕ್ಕಸಿನ ಬಾಗಿಲಾಚೆ ನಿಂತು "ಯಾವ ಬಣ್ಣ?" ಎಂದು ಕೇಳುತ್ತಾರಂತೆ. ಆ ಮಾತಿಗೆ ಜೀವಮಾನವೆಲ್ಲ ನಾಚಿದ ರಾಚಪ್ಪನವರು, ಇರುವ ಉಸಿರನ್ನೆಲ್ಲ ಕೂಡಿಸಿ ಬೀದಿಗೇ ಕೇಳುವ ಹಾಗೆ ಒಳಗಿನಿಂದ ಕೂಗುತ್ತಾರಂತೆ:

"ಹಳದಿ ಕಣಮ್ಮಿ, ಹಳದಿ!"