ಮೂವತ್ತೆಂಟು ನಮಸ್ಕಾರ

ಸಿದ್ದಮ್ಮನಿಗೆ ಬಾಯಿ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಕಾಡುಗೋಡಿಯ ಆ ಅಪಾರ್ಟ್‌ಮೆಂಟಿನ ವೆಬ್‌ಸೈಟಿನಲ್ಲಿ ನಿವಾಸಿಗಳಿಗೆಂದೇ ಒಂದು ಚಾಟ್ ರೂಮ್ ಇತ್ತು. ನಲ್ಲಿ ಸೋರುತ್ತಿದೆ ಎಂದು ಯಾರಾದರೂ ಬರೆದರೆ, ಪ್ಲಂಬರ್ ಬಂದನೇ, ಅಲ್ಲಿಯತನಕ ಅಡುಗೆಗೆ ಏನು ಮಾಡಿದಿರಿ ಎಂದು ಇವಳು ಕೇಳುತ್ತಿದ್ದಳು. ಮಗುವಿಗೆ ಜ್ವರ ಎಂದರೆ ಕಷಾಯ ಮಾಡುವ ಬಗೆ ಕಂತುಕಂತಾಗಿ ಬರುತ್ತಿತ್ತು. ಗದಗಿನಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವಳು. ಐವತ್ತು ದಾಟಿದ, ಮದುವೆಯಾಗದ ಹೆಂಗಸು. ಸ್ವಂತ ಸಂಬಳದಲ್ಲಿ ಫ್ಲಾಟ್ ಕೊಂಡು, ಇದೂ ಒಂದು ಓಣಿಯೇ ಎಂದು ತಿಳಿದುಬಿಟ್ಟಿದ್ದಳು.

ಎದುರು ಬಾಗಿಲಿನ ಹೇಮಲತಾ ಅಸೋಸಿಯೇಷನ್ನಿನ ಕಾರ್ಯದರ್ಶಿ. ದಾವಣಗೆರೆಯವಳು, ಸಿದ್ದಮ್ಮ ನಡೆದುಕೊಳ್ಳುವ ಮಠಕ್ಕೇ ಸೇರಿದವಳು. ಸಿದ್ದಮ್ಮನ ಮಾತು ಸಾಕಾಗಿದೆ ಎಂದು ಎಲ್ಲರೂ ದೂರುತ್ತಿದ್ದರು; ಆದರೆ ಅವಳನ್ನು ಚಾಟ್ ರೂಮಿನಿಂದ ತೆಗೆದುಹಾಕಿದರೆ ನಾಳೆ ಯಾವುದೋ ಮದುವೆಯಲ್ಲಿ ಮುಖ ನೋಡಬೇಕಾಗುತ್ತದೆ. ಹಾಗಾಗಿ ಅವಳು ಮಲ್ಲಿಕ್‌ನನ್ನು ಕರೆಸಿದಳು. ಸಿಂಗಸಂದ್ರದಲ್ಲಿ ಎರಡು ಕೋಣೆಯ ಆಫೀಸು ಇಟ್ಟುಕೊಂಡಿದ್ದ ಮಲ್ಲಿಕ್‌ನ ಕಸುಬೇ ಚಾಟ್ ರೂಮ್. ಸಾಫ್ಟ್‌ವೇರಿಗೆ ವರ್ಷದ ಲೈಸೆನ್ಸ್ ಕೊಡುತ್ತಿದ್ದ, ತನ್ನ ಸರ್ವರಿನಲ್ಲೇ ನಡೆಸುತ್ತಿದ್ದ, ಗಿರಾಕಿ ಕೇಳಿದ ಹಾಗೆ ತಿದ್ದಿಕೊಡುತ್ತಿದ್ದ.

“ಅವ್ರಿಗೆ ಗೊತ್ತಾಗ್ಬಾರ್ದು ಮಲ್ಲಿಕ್. ಪಾಪ, ಮನಸ್ಸಿಗೆ ನೋವಾಗತ್ತೆ,” ಎಂದಳು ಹೇಮಲತಾ. ಇಂಥ ಮೆದು ಮನಸ್ಸಿನವರಿಂದ ದೇವರೇ ಕಾಪಾಡಬೇಕು.

ಮಲ್ಲಿಕ್ ಅಚ್ಚುಕಟ್ಟಾಗಿ ಮಾಡಿಕೊಟ್ಟ. ಅಂದಿನಿಂದ ಸಿದ್ದಮ್ಮನಿಗೆ ಎಲ್ಲರ ಮಾತೂ ಕಾಣುತ್ತಿತ್ತು, ಅವಳು ಬರೆದದ್ದು ಮಾತ್ರ ಅವಳಿಗಷ್ಟೇ ಕಾಣುತ್ತಿತ್ತು. ಯಾರೂ ಪ್ರತಿಕ್ರಿಯಿಸದಿದ್ದರೆ ಅನುಮಾನ ಬರುತ್ತದಲ್ಲ ಎಂದು ಅವನೇ ತಲೆ ಓಡಿಸಿ ಇನ್ನೊಂದು ಸೇರಿಸಿದ. ಅವಳ ಪ್ರತಿ ಮಾತಿನ ಕೆಳಗೂ ಕೈಮುಗಿದ ಚಿತ್ರಗಳು ತಾವಾಗಿಯೇ ಬಂದು ಕೂರುತ್ತಿದ್ದವು; ಮೊದಲು ಎರಡು, ಸ್ವಲ್ಪ ಹೊತ್ತಿಗೆ ಐದು, ಹೀಗೆ ನಿಜವಾದ ಜನ ಒತ್ತಿದ ಹಾಗೆಯೇ. ಹೇಮಲತಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಸುದ್ದಿ ಲಿಫ್ಟಿನಲ್ಲಿ ಬಾಯಿಂದ ಬಾಯಿಗೆ ಹೋಗಿ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಾಯಿತು.

ಶ್ರಾವಣ ಬಂತು. ಕಡೆಯ ಸೋಮವಾರ ಎಲ್ಲರನ್ನೂ ಪ್ರಸಾದದ ಊಟಕ್ಕೆ ಕರೆಯಬೇಕು ಎಂದುಕೊಂಡಳು ಸಿದ್ದಮ್ಮ. ಅವಳ ಊರಲ್ಲಿ ಕರೆಯುವುದೆಂದರೆ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗುವುದು. ಹಾಗೇ ಹೊರಟಳು. ಮೇಲಿನ ಮಹಡಿಯ ಮೊದಲ ಮನೆಯಲ್ಲೇ ಒಬ್ಬ ಹುಡುಗಿ ಚಿಲಕದ ಸರಪಳಿ ತೆಗೆಯದೆ, ಗ್ರೂಪಲ್ಲಿ ಹಾಕ್ಬಿಡಿ ಆಂಟಿ ಎಂದು ಬಾಗಿಲು ಮುಚ್ಚಿದಳು. ಇಲ್ಲಿಯ ಪದ್ಧತಿ ಇದೇ ಇರಬೇಕು ಎಂದುಕೊಂಡು ಅವಳು ಹಿಂತಿರುಗಿ, ಬಟ್ಟಲನ್ನು ದೇವರ ಮುಂದಿಟ್ಟು, ಚಾಟ್ ರೂಮಿನಲ್ಲಿ ಕರೆಯೋಲೆ ಬರೆದಳು. ಸಂಜೆಯೊಳಗೆ ಮೂವತ್ತೆಂಟು ನಮಸ್ಕಾರ ಬಿದ್ದವು. ಕರೆದಾಗ ಕೈಮುಗಿದರೆ ಬರುತ್ತೇನೆಂದೇ ಅವಳ ಲೆಕ್ಕ. ಸೋಮವಾರ ಬ್ಯಾಂಕಿಗೆ ರಜೆ ಹಾಕಿ, ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು ಮಾಡಿ, ಜಮಖಾನ ಹಾಸಿ ಎಲೆ ಹಾಕಿ ಕಾದಳು.

ಆ ಸೋಮವಾರದ ಸಂಜೆಯೇ ಮಲ್ಲಿಕ್ ಲೈಸೆನ್ಸ್ ನವೀಕರಣದ ಮಾತಿಗೆ ಬಂದ. ಹೇಮಲತಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು, ಕಾಯುತ್ತಿರಿ ಎಂದು ಫೋನಿನಲ್ಲಿ ಹೇಳಿದ್ದಳು. ಅವಳ ಬಾಗಿಲ ಮುಂದೆ ಅವನು ನಿಂತಿದ್ದಾಗ ಎದುರು ಮನೆಯಿಂದ ಸಿದ್ದಮ್ಮ ಹೊರಬಂದಳು. ಅವನು ಹೇಮಲತಾ ಅವರನ್ನು ಕಾಣಬೇಕಿತ್ತು ಎಂದ.

“ಅವ್ರೂ ಇಲ್ಲೇ ಬರ್ತಾರ್ರಿ. ನೀವ ಮೊದಲನೇದವ್ರು, ಬರ್ರಿ ಒಳಗ.”

ಖಾಲಿ ಎಲೆಗಳ ಎರಡು ಸಾಲಿನ ನಡುವೆ ಅವನನ್ನು ಕೂರಿಸಿ ಹೋಳಿಗೆ ಬಡಿಸಿದಳು. ಆಮೇಲೆ ಫೋನು ತೋರಿಸಿದಳು. ಇಷ್ಟು ಮಂದಿ ಕೈಮುಗಿದಿದ್ದಾರೆ, ಒಬ್ಬರೂ ಬಂದಿಲ್ಲ, ದಾರಿಯಲ್ಲಿ ಸಿಕ್ಕಿಕೊಂಡಿರಬೇಕು ಎಂದಳು. ಮಲ್ಲಿಕ್ ಫೋನಿನಲ್ಲಿ ಅವಳ ಹೆಸರು ನೋಡಿದ, ಆ ನಮಸ್ಕಾರಗಳನ್ನು ನೋಡಿದ. ತನ್ನದೇ ಕೈಕೆಲಸ ಗುರುತು ಸಿಗದೆ ಇರುತ್ತದೆಯೇ? ಮುರಿದ ತುತ್ತನ್ನು ಎಲೆಗೇ ಹಾಕಿದ. ಅವನ ಎದುರಿಗೇ ಅವಳು, ಹೋಳಿಗಿ ಬಿಸಿ ಅದಾವ, ಬರ್ರಿ ಎಂದು ಮತ್ತೆ ಬರೆದಳು. ತಕ್ಷಣ ಎರಡು ನಮಸ್ಕಾರ ಬಂದವು.

“ಹೊಂಟಾರ,” ಎಂದು ತುಪ್ಪ ಬಿಸಿ ಮಾಡಲು ಒಳಗೆ ಹೋದಳು.

ಮಲ್ಲಿಕ್ ಪೂರ್ತಿ ಕೆಟ್ಟವನಾಗಿದ್ದರೆ ಉಂಡು ಕೈತೊಳೆದು ಹೋಗುತ್ತಿದ್ದ. ಅರ್ಧ ಒಳ್ಳೆಯವನಾದದ್ದೇ ಎಡವಟ್ಟಾಯಿತು ನೋಡಿ. ಎಡಗೈಯಲ್ಲಿ ಫೋನು ತೆಗೆದು ಅವಳ ಹೆಸರಿಗೆ ಹಾಕಿದ್ದ ತಡೆಯನ್ನು ಕಿತ್ತುಹಾಕಿದ. ಕರೆಯೋಲೆ ಈಗಲಾದರೂ ಎಲ್ಲರಿಗೂ ಮುಟ್ಟಲಿ, ಅಕ್ಕಪಕ್ಕದ ನಾಲ್ಕು ಮನೆಯವರಾದರೂ ಬರಲಿ ಎಂಬುದು ಅವನ ಆಸೆ.

ತುಪ್ಪದ ಗಿಂಡಿ ಹಿಡಿದು ಬಂದ ಸಿದ್ದಮ್ಮ ಫೋನು ನೋಡಿದಳು. ನಮಸ್ಕಾರಗಳೆಲ್ಲ ಮಾಯವಾಗಿದ್ದವು. ಅವಳ ಮಾತಿನ ಕೆಳಗೆ, ಎಷ್ಟೋ ತಿಂಗಳ ನಂತರ, ನಿಜವಾದ ಮನುಷ್ಯರ ಉತ್ತರವೊಂದು ಬಂದಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು.

“ಅಡ್ಮಿನ್, ಈ ಆಂಟೀನ ಮತ್ತೆ ಯಾಕೆ ಬಿಟ್ರಿ? ಇಷ್ಟು ದಿನ ನೆಮ್ಮದಿಯಾಗಿತ್ತು.”

ಅದಕ್ಕೆ ಹೆಬ್ಬೆರಳುಗಳು ಒಂದೊಂದಾಗಿ ಬೀಳತೊಡಗಿದವು. ಇವು ನಿಜವಾದವು. ಅಷ್ಟರಲ್ಲಿ ಟ್ರಾಫಿಕ್ಕಿನಿಂದಲೇ ಹೇಮಲತಾ ಬರೆದಳು. ಸಿದ್ದಮ್ಮ ಎಲ್ಲವನ್ನೂ ಓದುತ್ತಾಳೆ ಎಂಬುದೇ ಅವರಿಗೆಲ್ಲ ಮರೆತುಹೋಗಿತ್ತು. ಸಿದ್ದಮ್ಮ ಅದನ್ನೂ ಓದಿದಳು.

“ಸಾರಿ ಎಲ್ಲರಿಗೂ. ಮಲ್ಲಿಕ್ ನಮ್ಮನೆ ಹತ್ರಾನೇ ಕಾಯ್ತಿದಾರೆ, ನಾನು ಮನೆಗೆ ಹೋದ ತಕ್ಷಣ ಮೊದ್ಲಿನ ಥರ ಮಾಡಿಸ್ತೀನಿ.”

ಅವಳು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವಳಿಗೆ ಕೂಡಿ ಕಳೆಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲಿಗೆ ಹೋಗಿ ಎದುರು ಮನೆಯ ಬೀಗ ನೋಡಿ, ತನ್ನ ಬಾಗಿಲು ಮುಚ್ಚಿ ಚಿಲಕ ಹಾಕಿ ಬಂದಳು.

“ನಿಮ್ಮ ಹೆಸರು ಕೇಳಲೇ ಇಲ್ಲ ನೋಡ್ರಿ ನಾ.”

ಅವನು ಹೇಳಿದ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಸಿದ್ದಮ್ಮ ಅಡುಗೆಮನೆಗೆ ಹೋದಳು. ಹೋಳಿಗೆಯ ಬುಟ್ಟಿಯನ್ನೇ ತಂದು ಅವನ ಎಲೆಯ ಪಕ್ಕ ಕೂತು, ಒಂದರ ಮೇಲೊಂದು ಹೋಳಿಗೆ ಹಾಕುತ್ತ ಹೋದಳು. ಸಾಕು ಎಂದು ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದಾಗ ಕೈಯ ಮೇಲೆಯೇ ಬಿಸಿ ತುಪ್ಪ ಸುರಿದಳು.

“ಉಣ್ರಿ. ಮೂವತ್ತೆಂಟು ಮಂದಿ ನೀವೊಬ್ರೇ ಅಲ್ಲೇನು?”

ಹೊರಗೆ ಲಿಫ್ಟ್ ನಿಂತ ಸದ್ದಾಯಿತು. ಹೇಮಲತಾ ಅವನ ಹೆಸರು ಹಿಡಿದು ಕೂಗುತ್ತಿದ್ದಳು. ಅವನು ಸುಟ್ಟ ಕೈಯಲ್ಲೇ ಹೋಳಿಗೆ ಮುರಿದ.