ಬೀದಿಗೆ ಬಂದ ಪೈಪು

ಪೈಪಿಗೆ ನಾಲ್ಕು ಸಾವಿರ. ಅಗೆತಕ್ಕೆ ಮೂರು. ಪುರಸಭೆ ಕಚೇರಿಯ ಶುಲ್ಕ ಎರಡು. ಆ ಶುಲ್ಕ ಕಟ್ಟಿಸಿಕೊಳ್ಳಲು ಗುಮಾಸ್ತ ಕುರ್ಚಿಯಿಂದ ಏಳಬೇಕಲ್ಲ, ಅದಕ್ಕೆ ಐನೂರು. ಇಷ್ಟು ಕೂಡಿಸಲು ನಾನು ಊರವರ ಅಂಗಿಗೆಲ್ಲ ಗುಂಡಿ ಹೊಲಿದೆ, ನನ್ನ ಗಂಡ ಊರವರ ಮೂಟೆಯೆಲ್ಲ ಹೊತ್ತ.

ನಮ್ಮ ಬೀದಿಗೆ ಒಳಚರಂಡಿ ಬಂದಿತ್ತು; ಮನೆಯ ಕಕ್ಕಸನ್ನು ಅದಕ್ಕೆ ಜೋಡಿಸಲು ಈ ಹಣ. ಹಿತ್ತಲಿನ ಕಕ್ಕಸಿನ ಗುಂಡಿ ತುಂಬಿತ್ತು. ಅತ್ತೆ ಸೊಂಟ ಮುರಿದುಕೊಂಡಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬೀದಿಯ ಕೊನೆಯಲ್ಲಿದ್ದ ಸಾರ್ವಜನಿಕ ಕಕ್ಕಸಿಗೆ ನಾವಿಬ್ಬರೂ ಹೊತ್ತುಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಸಿಕ್ಕವರೆಲ್ಲ "ಎಲ್ಲಿಗೆ?" ಎಂದು ಕೇಳುತ್ತಿದ್ದರು. ಉತ್ತರ ಹೇಳಲಾರದೆ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು.

ಈ ಜೋಡಣೆಯ ಕೆಲಸಕ್ಕೆ ಒಬ್ಬ ಗುತ್ತಿಗೆದಾರನಿಗೆ ಪರವಾನಗಿ ಇತ್ತು. ಅವನನ್ನು ಬಿಟ್ಟು ಬೇರೆ ಯಾರೂ ರಸ್ತೆ ಅಗೆಯುವಂತಿರಲಿಲ್ಲ.

"ಚಿಂತೆ ಬಿಡಿ ಅಕ್ಕ. ಪೈಪನ್ನ ಬೀದಿಗೆ ತರೋದು ನನ್ನ ಜವಾಬ್ದಾರಿ," ಎಂದ.

ಒಂದೇ ದಿನದಲ್ಲಿ ನಮ್ಮ ಬೀದಿಯ ಆರೂ ಮನೆಯ ಕೆಲಸ ಮುಗಿಸಿ, ಮೇಲೆ ಸಿಮೆಂಟು ಬಳಿದು ಹೋದ. ಅತ್ತೆ ಗೋಡೆ ಹಿಡಿದು ಹಿತ್ತಲಿನ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಎರಡು ಚೆಂಬು ನೀರು ಕುಡಿದರು.

ವಾರ ಕಳೆಯುವುದರೊಳಗೆ ಹೋದದ್ದೆಲ್ಲ ವಾಪಸು ಬಂತು.

"ನೆಂಟರ ಹಾಗೆ ಬಂದು ಕೂತಿದೆ ಕಣೆ. ಹೊರಡೋ ಲಕ್ಷಣ ಕಾಣಲ್ಲ," ಎಂದರು ಅತ್ತೆ.

ಗಂಡ ಸಿಮೆಂಟು ಒಡೆದು ಅಗೆದ. ಪೈಪು ಹೊಸ್ತಿಲು ದಾಟಿ ಬೀದಿಗೆ ಒಂದು ಮೊಳ ಬಂದು, ಮಣ್ಣಿನಲ್ಲಿ ನಿಂತುಬಿಟ್ಟಿತ್ತು. ಅದರ ಬಾಯಿಗೆ ಖಾಲಿ ಸಿಮೆಂಟು ಚೀಲ ತುರುಕಿದ್ದರು. ಒಳಚರಂಡಿ ಇದ್ದದ್ದು ಬೀದಿಯ ಆಚೆ ಬದಿಗೆ. ಉಳಿದ ಐದು ಮನೆಯವರೂ ಅಗೆದು ನೋಡಿದರು. ಐದು ಚೀಲ ಸಿಕ್ಕವು.

ಗುತ್ತಿಗೆದಾರನನ್ನು ಹಿಡಿದು ಕೇಳಿದೆವು.

"ನಾನೇನು ಹೇಳಿದ್ದೆ? ಬೀದಿಗೆ ತರ್ತೀನಿ ಅಂದಿದ್ದೆ. ತಂದಿದೀನಿ. ಬೀದಿಯಿಂದ ಆಚೆಗೆ ಬೇರೆ ರೇಟು."

"ನಿಜ ಕಣಪ್ಪ. ನಮ್ಮನ್ನೆಲ್ಲ ಬೀದಿಗೆ ತಂದೆ. ಮಾತು ಅಂದ್ರೆ ಮಾತು ನಿಂದು," ಎಂದರು ಅತ್ತೆ.

ಅವನು ಅದನ್ನು ಹೊಗಳಿಕೆ ಎಂದುಕೊಂಡು ನಕ್ಕ.

ಕಚೇರಿಗೆ ಹೋದೆವು. ಗುಮಾಸ್ತ ಕಡತ ತೆಗೆದು ನೋಡಿದ.

"ನಿಮ್ಮದು ಜೋಡಣೆ ಆಗಿದೆ. ಆಗಿರೋದನ್ನ ಮತ್ತೆ ಮಾಡೋಕೆ ಬರಲ್ಲ."

"ಆಗಿಲ್ಲ ಸ್ವಾಮಿ. ಬಂದು ನೋಡಿ."

"ಬಂದು ನೋಡಿದ್ರೆ ಆಗಿಲ್ಲ ಅಂತ ಬರೀಬೇಕಾಗುತ್ತಮ್ಮ. ಜೋಡಣೆ ಇಲ್ಲದ ಮನೆಗೆ ದಂಡ ಇದೆ. ಯಾಕೆ ಸುಮ್ಮನೆ?"

ಮರುದಿನ ಸಾರ್ವಜನಿಕ ಕಕ್ಕಸಿಗೂ ಬೀಗ ಬಿತ್ತು. ಎಲ್ಲ ಮನೆಗೂ ಜೋಡಣೆ ಆಗಿದೆಯಲ್ಲ!

ಅತ್ತೆ ಮತ್ತೆ ನೀರು ಕುಡಿಯುವುದನ್ನು ಬಿಟ್ಟರು. ಎರಡು ದಿನ ಸಹಿಸಿದೆ. ಮೂರನೆಯ ಬೆಳಿಗ್ಗೆ ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೊರಟೆವು.

"ಎಲ್ಲಿಗೆ?" ಎಂದಳು ಪಕ್ಕದ ಮನೆಯ ಇಸ್ತ್ರಿಯವಳು.

"ಕಚೇರಿಗೆ. ಅಲ್ಲಿ ಕಕ್ಕಸಿದೆ."

"ಇರು, ನಾನೂ ಬಂದೆ," ಎಂದು ಬಕೆಟ್ಟು ಹಿಡಿದಳು. ಆರು ಮನೆಯೂ ಹೊರಟಿತು.

ಗುಮಾಸ್ತ ಅಡ್ಡ ನಿಂತ. "ಇದು ಸಿಬ್ಬಂದಿಗೆ ಮಾತ್ರ!"

"ಇದರ ಜೋಡಣೆ ಆಗಿದೆಯೇನಪ್ಪ?" ಅತ್ತೆ ಕೇಳಿದರು.

"ಆಗಿದೆ."

"ಕಡತದಲ್ಲೋ, ನೆಲದಲ್ಲೋ?"

ಗುಮಾಸ್ತ ಪಕ್ಕಕ್ಕೆ ಸರಿದ. ಅತ್ತೆ ಒಳಗೆ ಹೋದರು. ಹಿಂದೆ ನಾವು ಸಾಲು ನಿಂತೆವು. ನಾವು ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ. ಒಬ್ಬರಾದ ಮೇಲೆ ಒಬ್ಬರು ನಿಧಾನವಾಗಿ ಹೋಗಿ ಬಂದೆವು. ದೊಡ್ಡ ಸಾಹೇಬರು ಬಂದಾಗ ಸಾಲು ಗೇಟಿನವರೆಗಿತ್ತು. ಅವರಿಗೂ ಅವಸರವಿತ್ತು.

"ಹಿಂದೆ ನಿಂತ್ಕೊಳ್ಳಿ ಸಾಹೇಬ್ರೆ," ಎಂದಳು ಇಸ್ತ್ರಿಯವಳು.

ಹಾಗೆ ನಾಲ್ಕು ದಿನ ಹೋದೆವು. ಐದನೆಯ ದಿನ ಸಾಹೇಬರು ಕಳಿಸಿದ ಆಳುಗಳು ಬೀದಿಗೆ ಬಂದರು, ಆಚೆ ಬದಿಯವರೆಗೂ ಅಗೆದರು. ಗಂಡ ಗುಂಡಿಗಿಳಿದು, ಪ್ರತಿ ಪೈಪೂ ಒಳಚರಂಡಿಗೆ ಸೇರಿದ್ದನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಮಣ್ಣು ಮುಚ್ಚಲು ಬಿಟ್ಟ.

ಆರು ಮನೆಯ ನೀರೂ ಈಗ ಹೋಗುತ್ತದೆ. ನಾವು ಕೊಟ್ಟ ಹಣ ವಾಪಸು ಬರಲಿಲ್ಲ. ಎರಡನೆಯ ಸಲದ ಅಗೆತದ ಹಣವನ್ನು ಕಚೇರಿಯವರು ಕೊಟ್ಟರು, ಅದೇ ಗುತ್ತಿಗೆದಾರನಿಗೆ.