ಮುಖದ ಮೇಲಿನ ಮುದ್ರೆ

ನಾನೊಂದು ಕಾಮಿಕ್ಸ್ ಪುಸ್ತಕ. ಹಾಗೆಂದ ಕೂಡಲೇ ನಿಮ್ಮಲ್ಲಿ ಕೆಲವರು ಮನೆಯ ಮಕ್ಕಳನ್ನು ಕರೆದು ನನ್ನನ್ನು ಅವರ ಕೈಗೆ ಕೊಟ್ಟುಬಿಡುತ್ತೀರಿ. ಸ್ವಲ್ಪ ತಡೆಯಿರಿ, ನನ್ನ ಮಾತು ಮುಗಿಯಲಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ, ಲಗ್ನಪತ್ರಿಕೆಗಳ ಗದ್ದಲ ಮುಗಿದ ಮೇಲೆ. ಇನ್ನೂ ಹೆಸರು ಮಾಡದ ಹುಡುಗ ಹುಡುಗಿಯರು ಬರೆದ ಪುಟ್ಟ ಪುಟ್ಟ ಮಾಯಾಕತೆಗಳ ಸಂಕಲನ ನಾನು. ಒಂದರಲ್ಲಿ ಬಸ್ ನಿಲ್ದಾಣವೇ ಎದ್ದು ಬಾರದ ಬಸ್ಸನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಕತ್ತಲೆಂದರೆ ಹೆದರುವ ದೆವ್ವವಿದೆ.

ಕೊನೆಯ ಕತೆ ಬೆಟಗೇರಿಯ ಅಂಬಿಕಾಳದು. ಅವಳ ತಾಯಿ ಫಕೀರವ್ವ ಮಗ್ಗದಲ್ಲಿ ಸೀರೆ ನೇಯುವವಳು, ಓದು ಬರಹ ಬಾರದವಳು. ಅವ್ವ ಯಾರ ನೆರವೂ ಇಲ್ಲದೆ ಓದಬೇಕೆಂದು ಅಂಬಿಕಾ ತನ್ನ ಕತೆಯಲ್ಲಿ ಒಂದು ಅಕ್ಷರವನ್ನೂ ಇಡಲಿಲ್ಲ. ಹುಡುಗಿಯೊಬ್ಬಳು ನೇಯುವ ಸೀರೆ ನಿಲ್ಲದೆ ಬೆಳೆದು, ಹೊಸ್ತಿಲು ದಾಟಿ, ಓಣಿಗಿಳಿದು ಹೊಳೆಯಾಗುತ್ತದೆ. ಅವಳು ಮಗ್ಗದ ಲಾಳಿಯನ್ನೇ ದೋಣಿ ಮಾಡಿಕೊಂಡು ಹೊರಡುತ್ತಾಳೆ. ಕೊನೆಯ ಪುಟವೆಲ್ಲ ಬಿಳಿ. ನಡುವೆ, ನಾಣ್ಯದಷ್ಟಗಲ, ದಡದಲ್ಲುಳಿದ ತಾಯಿಯತ್ತ ತಿರುಗಿದ ಅವಳ ಮುಖ. ಇಡೀ ಕತೆ ಆ ಮುಖದಲ್ಲಿತ್ತು.

ಬರೆದವರಿಗೆಲ್ಲ ಒಂದೊಂದು ಪ್ರತಿ ಹೋಯಿತು. ಅಂಬಿಕಾಳ ಪ್ರತಿ ನಾನು. ಅವಳು ತನ್ನ ಕಾಲೇಜಿನ ವಿಳಾಸ ಕೊಟ್ಟಿದ್ದಳು. ಕಚೇರಿಯವರು ಪೊಟ್ಟಣ ಬಿಚ್ಚಿ, ಪುಸ್ತಕವೆಂದ ಮೇಲೆ ಲೈಬ್ರರಿಯದೇ ಎಂದು ಕಳಿಸಿಬಿಟ್ಟರು. ಗ್ರಂಥಪಾಲಕ ಸವಡಿ ಸರ್ ನನ್ನನ್ನು ‘ದಾನ’ ಎಂದು ಬರೆದುಕೊಂಡು, ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು ಕಾಲೇಜಿನ ಮುದ್ರೆ ಒತ್ತಿದರು. ಕೊನೆಯದು ಆ ಮುಖದ ಮೇಲೆಯೇ. ಸುತ್ತ ಅಷ್ಟು ಬಿಳಿ ಜಾಗವಿತ್ತು!

ಅಂಬಿಕಾ ಓಡಿಬಂದಾಗ ನಾನು ಗಾಜಿನ ಕಪಾಟಿನೊಳಗಿದ್ದೆ.

“ಸರ್, ಅದು ನನ್ನ ಪುಸ್ತಕರೀ. ಅದರಾಗ ನನ್ನ ಹೆಸರೈತ್ರೀ.”

“ಇಲ್ಲಿರೋ ಎಲ್ಲಾ ಪುಸ್ತಕದಾಗೂ ಯಾರದರ ಹೆಸರು ಇದ್ದ ಇರತೈತಿ. ಅವರೆಲ್ಲಾ ಕೇಳಾಕ ಬಂದಾರೇನು? ಸಿಕ್ಕಾ ಬಿದ್ದ ಮ್ಯಾಲ ಲೈಬ್ರರೀದು.”

“ಅವ್ವಗ ತೋರಿಸಿ ತಂದು ಕೊಡ್ತೀನ್ರೀ.”

“ದಾನದ ಪುಸ್ತಕ ಹೊರಗ ಕೊಡೂದಿಲ್ಲ. ಬೇಕಾದ್ರ ನಿಮ್ಮವ್ವನ್ನ ಇಲ್ಲೇ ಕರಕೊಂಡ ಬಾ.”

ಉಳಿದ ಪ್ರತಿಗಳೆಲ್ಲ ಅಷ್ಟರಲ್ಲಿ ಖರ್ಚಾಗಿದ್ದವು. ಹೀಗಾಗಿ ಫಕೀರವ್ವ ಮಗ್ಗ ನಿಲ್ಲಿಸಿ ಕಾಲೇಜಿಗೆ ಬಂದಳು. ಕೈಗಳನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ತೆರೆದಳು. ಬೆರಳಿಟ್ಟು ಒಂದೊಂದೇ ಚಿತ್ರ ಓದಿದಳು.

“ಏ, ಇದು ನಮ್ಮ ಓಣಿ! ಪಾರವ್ವನ ಆಡು ನೋಡ, ಸೀರಿ ಸೆರಗ ತಿನ್ನಾಕ ಹತ್ತೈತಿ!”

ಅಷ್ಟು ಚೆನ್ನಾಗಿ ನನ್ನನ್ನು ಯಾರೂ ಓದಿರಲಿಲ್ಲ. ಆಮೇಲೆ ಕೊನೆಯ ಪುಟ ಬಂತು.

“ಇಷ್ಟೊತ್ತನಕ ಅಕ್ಷರ ಇರಲಿಲ್ಲ. ಇಲ್ಲಿ ಬರದೀಯಲ್ಲ, ಓದಿ ಹೇಳವಾ. ಹೋಗುವಾಗ ಅವ್ವಗ ಏನಂದ್ಲು ಹುಡುಗಿ?”

ಅಂಬಿಕಾ ಮುದ್ರೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದಳು. ಕಡೆಗೆ ಅಂದಳು: “ಯವ್ವಾ, ಅದು ಕಾಲೇಜಿನ ಸಿಕ್ಕಾ.”

“ಮಾರಿ ಮ್ಯಾಲ?”

“ಕಡೀ ಪುಟಕ್ಕ ಹೊಡಿಯೂದು ಪದ್ಧತಿ ಐತಿ ಅವ್ವಾರ,” ಎಂದರು ಸವಡಿ ಸರ್.

“ಪದ್ಧತಿ ಇರಲೀ ಯಪ್ಪಾ. ಕಣ್ಣಿದ್ದಿಲ್ಲೇನು ನಿಮಗ?”

ಅಂಬಿಕಾ ಪೆನ್ನು ತೆಗೆದು, ಮುದ್ರೆಯ ಪಕ್ಕದ ಬಿಳಿಯಲ್ಲಿ ಆ ಮುಖವನ್ನು ಮತ್ತೆ ಬರೆದಳು. ಆದರೆ ಪೆನ್ನು ಒತ್ತಿ ಬಿತ್ತು, ಚಿತ್ರದ ಹುಡುಗಿಯ ಹುಬ್ಬು ಗಂಟಿಕ್ಕಿಕೊಂಡಿತು.

“ಸಿಟ್ಟಾಗ್ಯಾಳ,” ಎಂದಳು ಫಕೀರವ್ವ.

“ಹೂಂ. ಮೊದಲ ನಗತಿದ್ಲು.”

“ಸಿಟ್ಟಾಗಲಿ ಬಿಡು. ನಕ್ಕೊಂತ ನಿಂತ್ರ ಯಾರ ದಾರಿ ಬಿಡ್ತಾರ?”

“ಲೈಬ್ರರಿ ಪುಸ್ತಕದಾಗ ಗೀಚಿದ್ಲು!” ಎಂದು ಸವಡಿ ಸರ್ ಕೂಗಿದರು. ಪುಸ್ತಕ ಕೆಡಿಸಿದವರು ಅದನ್ನು ಒಯ್ದು, ಬದಲಿಗೆ ಬೇರೊಂದು ತಂದುಕೊಡಬೇಕು ಎಂಬ ನಿಯಮ ಅಲ್ಲಿತ್ತು. ಅಂಬಿಕಾ ಒಂದು ದಪ್ಪ ಪರೀಕ್ಷಾ ಗೈಡು ತಂದುಕೊಟ್ಟಳು. ನನ್ನ ಮೊದಲ ಪುಟಕ್ಕೆ ‘ರದ್ದು’ ಎಂಬ ಇನ್ನೊಂದು ಮುದ್ರೆ ಬಿತ್ತು.

ಈಗ ನಾನು ಮಗ್ಗದ ಪಕ್ಕದ ಗೂಡಿನಲ್ಲಿದ್ದೇನೆ. ನನ್ನ ಮೂಲೆಗಳು ಮಡಚಿವೆ, ಬೆನ್ನಿನ ಹೊಲಿಗೆ ಬಿಟ್ಟಿದೆ. ಓಣಿಯ ಹೆಂಗಸರಿಗೆ ಫಕೀರವ್ವ ನನ್ನನ್ನು ಓದಿ ಹೇಳುತ್ತಾಳೆ. ಕೊನೆಗೆ ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಏನು ಒಳ್ಳೆಯದು? ಬರೆದವಳ ಮನೆ ಸೇರಲು ನಾನು ಕೆಟ್ಟ ಪುಸ್ತಕ ಎನಿಸಿಕೊಳ್ಳಬೇಕಾಯಿತು.

ಎಲ್ಲರೂ ಹೋದ ಮೇಲೆ ಫಕೀರವ್ವ ಕೊನೆಯ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಮುದ್ರೆಯಡಿಯ ಆ ನಗೆಯನ್ನು ಹುಡುಕುತ್ತಾಳೆ. ನನ್ನ ಹಾಳೆಯನ್ನು ಆದಷ್ಟು ತೆಳ್ಳಗಾಗಿಸಿ ಬೆಳಕು ಬಿಡಲು ನೋಡುತ್ತೇನೆ. ಮಸಿ ಬಹಳ ದಪ್ಪಗಿದೆ.